ಆದಿಲ್‌ಶಾಹಿಯ ಡಚ್ ಚಿತ್ರಗಾರ

ಹದಿನೇಳನೆಯ ಶತಮಾನದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗಾಗಿ ಪರದೇಶಿ ಚಿತ್ರಗಾರನೊಬ್ಬ ಒಂದು ಚಿತ್ರ ಬರೆದ. ಅದರಲ್ಲಿದ್ದವರು ಮೂವರು: ಪ್ರೇಮದ ದೇವತೆ ವೀನಸ್, ದ್ರಾಕ್ಷಾರಸದ ದೇವರು ಬ್ಯಾಕಸ್, ಪೈರುಪಚ್ಚೆಯ ದೇವತೆ ಸೆರೆಸ್. ಅನ್ನ, ಪಾನ ಇಲ್ಲದ ಮನೆಯಲ್ಲಿ ಪ್ರೇಮವೂ ನಡುಗುತ್ತದೆ ಎಂಬುದು ರೋಮನ್ನರ ಹಳೆಯ ನುಡಿ. ಆ ಕಾಲದ ಡಚ್ ಚಿತ್ರಗಾರರಿಗೆ ಇದು ಬಹಳ ಪ್ರಿಯವಾದ ವಸ್ತು. ಬಿಜಾಪುರದ ದರ್ಬಾರಿನಲ್ಲಿ ಈ ಮೂವರ ಕಥೆ ಎಷ್ಟು ಜನರಿಗೆ ತಿಳಿದಿತ್ತೋ, ಸುಲ್ತಾನನಂತೂ ಚಿತ್ರವನ್ನು ಮೆಚ್ಚಿಕೊಂಡ. ಚಿತ್ರಗಾರನಿಗೆ ಆಸ್ಥಾನದಲ್ಲಿ ಕೆಲಸ ಸಿಕ್ಕಿತು. 1622ರಲ್ಲಿ ತೀರಿಕೊಳ್ಳುವ ತನಕ ಅವನು ಆದಿಲ್‌ಶಾಹಿಯ ನೆರಳಿನಲ್ಲೇ ಬಾಳಿದ.

ಅವನ ಹೆಸರು ಕಾರ್ನೆಲಿಸ್ ಕ್ಲಾಸ್ ಹೇಡಾ. ಊರು ಹಾಲೆಂಡಿನ ಹಾರ್ಲೆಮ್.

ಹತ್ತು ವರ್ಷಕ್ಕೂ ಮಿಕ್ಕಿ ಇಂದಿನ ಕರ್ನಾಟಕದ ರಾಜಧಾನಿಯೊಂದರಲ್ಲಿ ಕುಳಿತು ಕುಂಚ ಹಿಡಿದ ಈ ಮನುಷ್ಯನ ಕೈಯದೇ ಎಂದು ಖಚಿತವಾಗಿ ತೋರಿಸಬಹುದಾದ ಚಿತ್ರ ಒಂದೂ ಉಳಿದಿಲ್ಲ. ಆ ವೀನಸ್ಸೂ ಇಲ್ಲ, ಬ್ಯಾಕಸ್ಸೂ ಇಲ್ಲ. ಅವನು ಇಲ್ಲಿದ್ದ ಎಂಬುದು ನಮಗೆ ಗೊತ್ತಾಗಿರುವುದೇ ಡಚ್ ಈಸ್ಟ್ ಇಂಡಿಯಾ ಕಂಪನಿಯ ವರ್ತಕರೊಡನೆ ಅವನು ನಡೆಸಿದ ಪತ್ರವ್ಯವಹಾರದಿಂದ. ಕಂಪನಿಯವರು ಲೆಕ್ಕಪತ್ರವನ್ನು ಎಸೆಯುವ ಜನ ಅಲ್ಲ. ಹಾಗಾಗಿ ಅರಮನೆಯ ಚಿತ್ರ ಅಳಿದರೂ ವ್ಯಾಪಾರದ ಕಾಗದ ಉಳಿಯಿತು. ಕರ್ನಾಟಕಕ್ಕೂ ಡಚ್, ಫ್ಲೆಮಿಷ್ ಕಲೆಗೂ ಇರುವ ನಂಟಿನ ಕಥೆಯೆಲ್ಲ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ: ಅರಸರು ಕಾಸು ಕೊಟ್ಟು ಬರೆಸಿಕೊಂಡದ್ದು ಹಾಳಾಯಿತು, ಕೈಯಿಂದ ಕೈಗೆ ದಾಟಿದ ಹಾಳೆಗಳು ಬದುಕಿಕೊಂಡವು.

ಹಾರ್ಲೆಮ್‌ನಿಂದ ಪ್ರಾಗ್‌ಗೆ

ಡಚ್ ಎಂದರೆ ಇಂದಿನ ನೆದರ್ಲೆಂಡ್ಸ್, ಫ್ಲೆಮಿಷ್ ಎಂದರೆ ಇಂದಿನ ಬೆಲ್ಜಿಯಂನ ಉತ್ತರ ಭಾಗ. ಹದಿನಾರನೆಯ ಶತಮಾನದ ನಡುವಿನವರೆಗೆ ಎರಡೂ ಸ್ಪೇನಿನ ಅರಸನ ಕೈಕೆಳಗಿದ್ದ ಒಂದೇ ಸೀಮೆ. ಆಂಟ್ವರ್ಪ್ ಅದರ ದೊಡ್ಡ ಪೇಟೆ: ಬಂದರು, ಬಟ್ಟೆ, ಸಾಲದ ವ್ಯವಹಾರ, ಅಚ್ಚುಕೂಟ, ಚಿತ್ರಶಾಲೆ ಎಲ್ಲವೂ ಅಲ್ಲಿದ್ದವು. ಧರ್ಮದ ಹೆಸರಿನಲ್ಲಿ ದಂಗೆ ಎದ್ದು, 1585ರಲ್ಲಿ ಆಂಟ್ವರ್ಪ್ ಮತ್ತೆ ಸ್ಪೇನಿನ ಸೇನೆಯ ವಶವಾಯಿತು. ಪ್ರೊಟೆಸ್ಟೆಂಟ್ ವರ್ತಕರು, ನೇಕಾರರು, ಚಿತ್ರಗಾರರು ಗಂಟುಮೂಟೆ ಕಟ್ಟಿಕೊಂಡು ಉತ್ತರದ ಊರುಗಳಿಗೆ ಹೋದರು. ಹಾಗೆ ಜನ ಬಂದು ಸೇರಿದ ಊರುಗಳಲ್ಲಿ ಹಾರ್ಲೆಮ್ ಒಂದು.

ಫ್ಲಾಂಡರ್ಸ್‌ನಿಂದ ಬಂದ ಕಾರೆಲ್ ವಾನ್ ಮಾಂಡರ್, ತಾಮ್ರದ ತಗಡಿನ ಕೆತ್ತನೆಯಲ್ಲಿ ಎತ್ತಿದ ಕೈಯಾದ ಹೆಂಡ್ರಿಕ್ ಗೋಲ್ಟ್ಸಿಯಸ್, ಹಾರ್ಲೆಮ್‌ನವನೇ ಆದ ಕಾರ್ನೆಲಿಸ್ ಕಾರ್ನೆಲಿಸ್‌ಜೋನ್, ಈ ಮೂವರ ಸುತ್ತ ಆ ಊರಿನಲ್ಲಿ ಹೊಸ ಚಿತ್ರಶೈಲಿಯೊಂದು ಬೆಳೆಯಿತು. ತಿರುಚಿದ ಮೈ, ಉಬ್ಬಿದ ಸ್ನಾಯು, ಪುರಾಣದ ದೇವರುಗಳ ಬತ್ತಲೆ ಗುಂಪು ಇದರ ಗುರುತು. ಹೇಡಾ ಪಳಗಿದ್ದು ಈ ಕಾರ್ನೆಲಿಸ್‌ಜೋನ್ ಗರಡಿಯಲ್ಲಿ. ಬಿಜಾಪುರದ ಸುಲ್ತಾನನಿಗೆ ಬರೆದುಕೊಟ್ಟ ಮೂವರು ದೇವರುಗಳ ಚಿತ್ರ ಹಾರ್ಲೆಮ್‌ನಲ್ಲಿ ಕಲಿತ ಪಾಠವೇ ಸರಿ.

ಅಲ್ಲಿಂದ ಅವನು ಪ್ರಾಗ್‌ಗೆ ಹೋದ. ಚಕ್ರವರ್ತಿ ಎರಡನೆಯ ರುಡಾಲ್ಫ್ 1583ರಲ್ಲಿ ಆಸ್ಥಾನವನ್ನು ವಿಯೆನ್ನಾದಿಂದ ಪ್ರಾಗ್‌ಗೆ ಸಾಗಿಸಿದ್ದ. ರಾಜ್ಯಭಾರಕ್ಕಿಂತ ಸಂಗ್ರಹದ ಹುಚ್ಚೇ ಹೆಚ್ಚಾಗಿದ್ದ ಅರಸ ಅವನು: ಚಿತ್ರ, ಶಿಲ್ಪ, ಗಡಿಯಾರ, ಹವಳ, ವಿಚಿತ್ರ ಪ್ರಾಣಿಗಳ ಕೊಂಬು ಎಲ್ಲವನ್ನೂ ಕೋಟೆಯ ಕೋಣೆಗಳಲ್ಲಿ ತುಂಬಿಸಿದ್ದ. ಆಂಟ್ವರ್ಪ್‌ನ ಬಾರ್ತೊಲೊಮಿಯಸ್ ಸ್ಪ್ರಾಂಗರ್ ಅವನ ಆಸ್ಥಾನದ ಮುಖ್ಯ ಚಿತ್ರಗಾರ, ಅದೇ ಊರಿನ ಏಜಿಡಿಯಸ್ ಸಾಡಲರ್ ಕೆತ್ತನೆಗಾರ.

ಆ ಹೊತ್ತಿಗೆ ಪ್ರಾಗ್‌ಗೆ ಪರ್ಷಿಯಾದ ದೊರೆ ಶಾ ಅಬ್ಬಾಸನ ರಾಯಭಾರಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ತುರ್ಕರು ಇಬ್ಬರಿಗೂ ಸಮಾನ ಶತ್ರುಗಳು, ಹಾಗಾಗಿ ಗೆಳೆತನದ ಮಾತುಕತೆ. 1601ರಿಂದ 1605ರೊಳಗೆ ಬಂದ ಈ ರಾಯಭಾರಿಗಳ ಭಾವಚಿತ್ರಗಳನ್ನು ಸಾಡಲರ್ ತಾಮ್ರದಲ್ಲಿ ಕೆತ್ತಿ ಅಚ್ಚು ಹಾಕಿದ. ದೊಡ್ಡ ಮುಂಡಾಸಿನ ಆ ಮುಖಗಳನ್ನು ಯುರೋಪಿನ ಗ್ರಂಥಾಲಯಗಳಲ್ಲಿ ಇಂದಿಗೂ ನೋಡಬಹುದು. ಶಾಗೆ ಯುರೋಪಿನ ಚಿತ್ರಗಾರರು ಬೇಕಾಗಿದ್ದರು. ಹೋಗಲು ಒಪ್ಪಿದವನು ಹೇಡಾ. ಅಂದರೆ ಅವನು ಮನೆ ಬಿಟ್ಟು ಹೊರಟದ್ದು ಇಸ್ಫಹಾನಿಗೆ. ಬಿಜಾಪುರದ ಹೆಸರು ಅವನ ಹಂಚಿಕೆಯಲ್ಲೇ ಇರಲಿಲ್ಲ.

ಗೋವೆಯ ನೆರೆಯಲ್ಲಿ

ಪೂರ್ವಕ್ಕೆ ಹೋಗುವವರಿಗೆ ಆಗ ಗೋವೆಯೇ ಹೆಬ್ಬಾಗಿಲು. ಆ ಬಾಗಿಲಿನ ಚಿತ್ರವನ್ನು ಹಾಲೆಂಡಿಗೆ ತೋರಿಸಿದವನೂ ಹಾರ್ಲೆಮ್‌ನಲ್ಲೇ ಹುಟ್ಟಿದವನು. ಯಾನ್ ಹ್ಯೂಗೆನ್ ವಾನ್ ಲಿನ್ಸ್‌ಹೋಟೆನ್ 1583ರಿಂದ ಐದು ವರ್ಷ ಗೋವೆಯ ಆರ್ಚ್‌ಬಿಷಪ್ ಬಳಿ ಕಾರ್ಯದರ್ಶಿಯಾಗಿದ್ದ. 1596ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಗೋವೆಯ ಪೇಟೆಬೀದಿ, ಪಲ್ಲಕ್ಕಿಯಲ್ಲಿ ಹೋಗುವ ಫಿರಂಗಿಗಳು, ಊರಿನ ರೈತಾಪಿ ಜನ, ಇಲ್ಲಿನ ಮರಗಿಡಗಳು ಕೆತ್ತನೆಚಿತ್ರಗಳಾಗಿ ಬಂದವು. ಪೋರ್ಚುಗೀಸರು ಗುಟ್ಟಾಗಿಟ್ಟಿದ್ದ ಸಮುದ್ರಮಾರ್ಗದ ವಿವರವೂ ಅದರಲ್ಲಿತ್ತು. ಡಚ್ಚರು ಹಡಗು ಕಟ್ಟಿದರು. 1602ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು.

ಪೋರ್ಚುಗಲ್ ಆಗ ಸ್ಪೇನಿನ ಅರಸನ ಅಧೀನ. ಸ್ಪೇನಿಗೂ ಡಚ್ಚರಿಗೂ ಬದ್ಧವೈರ. ಆದ್ದರಿಂದ ಹಾರ್ಲೆಮ್‌ನವನೊಬ್ಬ ಗೋವೆಯಲ್ಲಿ ನೆಮ್ಮದಿಯಾಗಿರುವುದು ಸಾಧ್ಯವಿರಲಿಲ್ಲ. ಗೋವೆಯ ದಾರಿ ಹಿಡಿದ ಹೇಡಾ ಪರ್ಷಿಯಾ ಮುಟ್ಟಲಿಲ್ಲ. ಗೋವೆಯ ಒಳನಾಡಿನಲ್ಲಿ, ಘಟ್ಟದ ಆಚೆಗೆ ಇದ್ದುದು ಆದಿಲ್‌ಶಾಹಿ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದೇ ಬಿಜಾಪುರದಿಂದ. ಆ ನೋವು ಇದ್ದರೂ ಕುದುರೆ, ಮದ್ದುಗುಂಡು, ಬಟ್ಟೆಯ ವ್ಯಾಪಾರ ನಡೆದೇ ಇತ್ತು. ಪೋರ್ಚುಗೀಸರಿಗೆ ಬೇಡವಾದವನಿಗೆ ಬಿಜಾಪುರದಲ್ಲಿ ಜಾಗ ಸಿಗುವುದು ಕಷ್ಟವಾಗಿರಲಿಲ್ಲ. ಹೀಗೆ 1610ರ ಸುಮಾರಿಗೆ ಹೇಡಾ ಇಬ್ರಾಹಿಂನ ಊರು ಸೇರಿದ. ಇತ್ತ ಶಾ ಅಬ್ಬಾಸನ ಆಸೆಯೂ ಹುಸಿಹೋಗಲಿಲ್ಲ. ಕೆಲವು ವರ್ಷಗಳ ಬಳಿಕ ಯಾನ್ ವಾನ್ ಹಾಸೆಲ್ಟ್ ಎಂಬ ಮತ್ತೊಬ್ಬ ಡಚ್ ಚಿತ್ರಗಾರ ಇಸ್ಫಹಾನಿನಲ್ಲಿ ಅವನ ಚಾಕರಿಗೆ ನಿಂತ.

ನವರಸದ ದೊರೆ

ಹೇಡಾನಿಗೆ ಸಿಕ್ಕ ಒಡೆಯ ಸಾಮಾನ್ಯನಲ್ಲ. 1580ರಲ್ಲಿ, ಇನ್ನೂ ಒಂಬತ್ತರ ಪ್ರಾಯದಲ್ಲಿ ಇಬ್ರಾಹಿಂ ಪಟ್ಟಕ್ಕೆ ಬಂದ. ಮೊದಮೊದಲು ಚಾಂದ್ ಬೀಬಿ ಅವನ ಪರವಾಗಿ ಆಡಳಿತ ನೋಡಿಕೊಂಡಳು. ಬೆಳೆದ ಹುಡುಗನಿಗೆ ಸಂಗೀತವೇ ಉಸಿರಾಯಿತು. ದಖ್ಖನಿ ಭಾಷೆಯಲ್ಲಿ ಅವನು ಬರೆದ ಹಾಡುಗಳ ಸಂಗ್ರಹ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿ, ಗಣಪತಿಯರ ಸ್ತುತಿ ಇದೆ. ಅವನ ಆನೆ ಆತಶ್ ಖಾನನ ಹೆಸರಿದೆ. ಅವನು ನುಡಿಸುತ್ತಿದ್ದ ತಂಬೂರಿಗೂ ಒಂದು ಹೆಸರಿತ್ತು, ಮೋತಿ ಖಾನ್. ಪ್ರಜೆಗಳು ಅವನನ್ನು ಜಗದ್ಗುರು ಎಂದೇ ಕರೆದರು. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ತೊರವಿಯ ಬಳಿ, ಅವನು ನವರಸಪುರ ಎಂಬ ಹೊಸ ಊರಿಗೆ ಅಡಿಪಾಯ ಹಾಕಿದ. ಸಂಗೀತಗಾರರು, ಕವಿಗಳು, ಚಿತ್ರಗಾರರಿಗೆಂದೇ ಕಟ್ಟಿದಂತಿದ್ದ ಊರು ಅದು.

ಈ ಆಸ್ಥಾನದ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಜೈಪುರದ ಅರಮನೆಯ ಸಂಗ್ರಹದಲ್ಲಿರುವ ಇದು 1604ರ ಸುಮಾರಿನದು, ಫರೂಖ್ ಹುಸೇನ್ ಎಂಬುವನ ಕೈಯದು. ಚಿನ್ನದ ಸಿಂಹಾಸನದ ಮೇಲೆ ಬಿಳಿಯುಡುಗೆಯ ಸರಸ್ವತಿ ವೀಣೆ ಹಿಡಿದು ಕೂತಿದ್ದಾಳೆ. ಇಬ್ರಾಹಿಂನ ತಂದೆ ಗಣಪತಿ, ತಾಯಿ ಸರಸ್ವತಿ ಎಂಬ ಅರ್ಥದ ಬರಹ ಅದರಲ್ಲಿದೆ. ಮುಸ್ಲಿಂ ಸುಲ್ತಾನನಿಗಾಗಿ ಪರ್ಷಿಯಾದ ಕಡೆಯಿಂದ ಬಂದ ಚಿತ್ರಗಾರ ಬರೆದ ಸರಸ್ವತಿ. ಇಂಥ ಮನೆಗೆ ಹಾರ್ಲೆಮ್‌ನ ವೀನಸ್ ಬಂದಾಗ ಯಾರೂ ಹುಬ್ಬು ಗಂಟಿಕ್ಕಿರಲಾರರು.

ಆದರೆ ಕಸುಬಿನಲ್ಲಿ ದೊಡ್ಡ ಅಂತರವಿತ್ತು. ಬಿಜಾಪುರದ ಚಿತ್ರ ಕಾಗದದ ಮೇಲೆ ಹುಟ್ಟುವಂಥದ್ದು. ಅಳಿಲಿನ ಬಾಲದ ಕೂದಲಿನ ಕುಂಚ, ಅಂಟು ಬೆರೆಸಿದ ನೀರುಬಣ್ಣ, ಚಿನ್ನದ ರೇಕು. ಬರೆದು ಮುಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಅದನ್ನು ಗೋಡೆಗೆ ತೂಗುಹಾಕುವುದಿಲ್ಲ. ಪುಸ್ತಕದೊಳಗೆ ಸೇರಿಸಿ, ಬೇಕೆಂದಾಗ ಕೈಗೆತ್ತಿಕೊಂಡು, ಅಂಗೈ ದೂರದಲ್ಲಿಟ್ಟು ನೋಡುತ್ತಾರೆ. ಹಾರ್ಲೆಮ್‌ನ ಚಿತ್ರ ಬಟ್ಟೆ ಅಥವಾ ಹಲಗೆಯ ಮೇಲಿನ ಎಣ್ಣೆಬಣ್ಣ. ಮೂಲೆಯಿಂದ ಬೀಳುವ ಬೆಳಕು, ಗಾಢ ನೆರಳು, ಆಳುದ್ದದ ಮೈ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಬೇಕು. ಸೆಕೆ, ಮಳೆ, ಗೆದ್ದಲು ಎಲ್ಲ ಇರುವ ನಾಡಿನಲ್ಲಿ ಬಟ್ಟೆಗೆ ಬಳಿದ ಎಣ್ಣೆಬಣ್ಣ ನಾಲ್ಕು ನೂರು ವರ್ಷ ನಿಲ್ಲಬೇಕಾದರೆ ತಲೆತಲಾಂತರ ಯಾರಾದರೂ ಕಾಪಾಡಬೇಕು. ಬಿಜಾಪುರಕ್ಕೆ ಅಷ್ಟು ನೆಮ್ಮದಿಯ ಕಾಲ ಸಿಗಲಿಲ್ಲ.

ಹೇಡಾ ಬರೀ ಚಿತ್ರ ಬರೆದುಕೊಂಡಿದ್ದವನೂ ಅಲ್ಲ. ಡಚ್ಚರ ಮಳಿಗೆಗಳು ಆಗ ಮಚಲೀಪಟ್ಟಣದಲ್ಲಿ, ಪಳವೇರ್ಕಾಡಿನಲ್ಲಿ ತಲೆ ಎತ್ತಿದ್ದವು. ಗೋವೆಯ ಆಸುಪಾಸಿನ ಕರಾವಳಿಯಲ್ಲಿ ಪೋರ್ಚುಗೀಸರು ಬಿಡಾರ ಊರಲು ಬಿಡುತ್ತಿರಲಿಲ್ಲ. ಒಳನಾಡಿನ ದರ್ಬಾರಿನಲ್ಲಿ ತಮ್ಮವನೇ ಒಬ್ಬ ಇದ್ದಾನೆ, ಸುಲ್ತಾನನ ಮುಂದೆ ನಿಲ್ಲುತ್ತಾನೆ ಎಂದರೆ ಕಂಪನಿಗೆ ಅದಕ್ಕಿಂತ ಬೇಕೇನು? ಸುದ್ದಿ ಮುಟ್ಟಿಸುವುದು, ಮಾತು ಸೇರಿಸುವುದು, ಬಾಗಿಲು ತೆರೆಸುವುದು ಅವನ ಪಾಲಿಗೆ ಬಂತು. ಆ ಪತ್ರಗಳು ಇಲ್ಲದಿದ್ದರೆ ಹೇಡಾನ ಹೆಸರೇ ನಮಗೆ ತಿಳಿಯುತ್ತಿರಲಿಲ್ಲ.

ಅವನು ಸತ್ತ ಎರಡು ವರ್ಷಕ್ಕೆ, 1624ರಲ್ಲಿ, ಅಹಮದ್‌ನಗರದ ಮಲಿಕ್ ಅಂಬರ್ ಬಿಜಾಪುರದ ಮೇಲೆ ಬಿದ್ದ. ಭಾತವಾಡಿಯ ಕಾಳಗದಲ್ಲಿ ಬಿಜಾಪುರ ಮತ್ತು ಮೊಘಲರ ಕೂಡುಸೇನೆಯನ್ನು ಸೋಲಿಸಿ ಬಂದವನು ನವರಸಪುರವನ್ನು ಲೂಟಿ ಮಾಡಿ ಹಾಳುಗೆಡವಿದ. ಆ ಊರು ಮತ್ತೆ ಏಳಲಿಲ್ಲ. 1627ರಲ್ಲಿ ಇಬ್ರಾಹಿಂನೂ ತೀರಿಕೊಂಡ.

ಆಂಟ್ವರ್ಪ್‌ನ ಹಾಳೆ, ದಖ್ಖನಿನ ಕೈ

ಹೇಡಾ ಬರುವ ಮೊದಲೇ ಅವನ ಸೀಮೆಯ ಕಲೆ ಈ ನಾಡಿಗೆ ಬಂದಾಗಿತ್ತು. ಬಂದದ್ದು ಕೆತ್ತನೆಚಿತ್ರಗಳ ರೂಪದಲ್ಲಿ.

ತಾಮ್ರದ ತೆಳು ತಗಡನ್ನು ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ಚೂಪು ಉಕ್ಕಿನ ಉಳಿಯಿಂದ ಗೆರೆ ಕೊರೆಯುತ್ತಾರೆ. ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದ ಹೊದಿಸಿ ಉರುಳೆಗಳ ನಡುವೆ ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಬೆಲೆ ಕಡಿಮೆ, ಭಾರವಿಲ್ಲ, ಪೆಟ್ಟಿಗೆಯಲ್ಲಿ ಮಡಚಿಟ್ಟರೆ ಲೋಕ ಸುತ್ತುತ್ತದೆ. ಈ ಕಸುಬಿನಲ್ಲಿ ಆಂಟ್ವರ್ಪ್‌ಗೆ ಸಾಟಿಯಿರಲಿಲ್ಲ. ಸಾಡಲರ್, ವಿಯರಿಕ್ಸ್, ಗಾಲೆ, ಕೊಲಾರ್ಟ್ ಮನೆತನಗಳು ಅಪ್ಪನಿಂದ ಮಗನಿಗೆ ಉಳಿ ದಾಟಿಸಿಕೊಂಡು ಬಂದವು. ಜೆಸ್ಯೂಟ್ ಪಾದ್ರಿಗಳು ಈ ಹಾಳೆಗಳ ದೊಡ್ಡ ಗಿರಾಕಿಗಳು. 1579ರಲ್ಲಿ ಗೋವೆಯಿಂದ ಹೊರಟ ರುಡಾಲ್ಫ್ ಅಕ್ವಾವಿವ ಮತ್ತು ಸಂಗಡಿಗರು ಫತೇಪುರ್ ಸಿಕ್ರಿಯಲ್ಲಿ ಅಕ್ಬರನಿಗೆ ಕಾಣಿಕೆ ಕೊಟ್ಟದ್ದು ಆಂಟ್ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯದಲ್ಲಿ ಅಚ್ಚಾದ ಎಂಟು ಸಂಪುಟದ ಬಹುಭಾಷಾ ಬೈಬಲ್. ಅದರ ಮುಖಪುಟಗಳ ಚಿತ್ರಗಳನ್ನು ಮೊಘಲ್ ಚಿತ್ರಗಾರರು ಕಣ್ಣಲ್ಲಿ ಕಣ್ಣಿಟ್ಟು ಅಭ್ಯಾಸ ಮಾಡಿದರು.

ಇದರ ಫಲ ಕಾಣಬೇಕಾದರೆ ಕತಾರ್‌ನ ದೋಹಾ ನಗರದ ಇಸ್ಲಾಮಿಕ್ ಕಲಾ ಮ್ಯೂಸಿಯಂನಲ್ಲಿರುವ ಒಂದು ಚಿತ್ರವನ್ನು ನೋಡಬೇಕು. 1615ರದು. ಬರೆದವನು ಫರೂಖ್ ಬೇಗ್. ಇವನೂ ಬಿಜಾಪುರದಲ್ಲಿ ಸರಸ್ವತಿಯನ್ನು ಬರೆದ ಫರೂಖ್ ಹುಸೇನನೂ ಒಬ್ಬನೇ ಎಂಬುದು ಅನೇಕ ಕಲಾ ಇತಿಹಾಸಕಾರರ ವಾದ: ಕೆಲವು ವರ್ಷ ಇಬ್ರಾಹಿಂನ ಬಳಿ ಇದ್ದು, ಆಮೇಲೆ ಜಹಾಂಗೀರನ ಆಸ್ಥಾನಕ್ಕೆ ಮರಳಿದ ಎಂದು ಅವರ ಲೆಕ್ಕ. ಚಿತ್ರದಲ್ಲಿ ಮುದುಕ ಸೂಫಿಯೊಬ್ಬ ಕುರ್ಚಿಯಲ್ಲಿ ಕುಸಿದು ಕೂತಿದ್ದಾನೆ. ಬೆನ್ನು ಬಾಗಿದೆ, ತಲೆ ಇಳಿಬಿದ್ದಿದೆ. ಈ ಭಂಗಿ ಫರೂಖನದಲ್ಲ. ಆಂಟ್ವರ್ಪ್‌ನ ಮಾರ್ಟನ್ ದ ವೋಸ್ ಬರೆದು, ರಾಫೆಲ್ ಸಾಡಲರ್ 1591ರಲ್ಲಿ ತಾಮ್ರದಲ್ಲಿ ಕೆತ್ತಿದ ‘ದೋಲೊರ್’, ಅಂದರೆ ದುಃಖ, ಎಂಬ ಚಿತ್ರದ್ದು. ಫರೂಖ್ ಕುರ್ಚಿಯನ್ನೂ ಭಂಗಿಯನ್ನೂ ಇಟ್ಟುಕೊಂಡ. ಮನುಷ್ಯನಿಗೆ ಸೂಫಿಯ ವೇಷ ತೊಡಿಸಿದ. ಮೂಲದ ಕಪ್ಪು ಗೆರೆಗಳ ಜಾಗದಲ್ಲಿ ಬಣ್ಣ ತುಂಬಿದ. ತಲೆಯ ಮೇಲೊಂದು ಮರ ಬೆಳೆಸಿದ. ಆ ಮರ ಯಾವ ಕಾಡಿನದೂ ಅಲ್ಲ. ಒತ್ತೊತ್ತಾಗಿ ಜೋಡಿಸಿದ ಎಲೆ, ಸುಳಿಸುಳಿಯಾದ ಕೊಂಬೆ, ಕನಸಿನ ಬಣ್ಣ ದಖ್ಖನಿನ ಚಿತ್ರಗಳಲ್ಲಿ ಮಾತ್ರ ಕಾಣುವಂಥವು. ಫ್ಲೆಮಿಷ್ ಮುದುಕನನ್ನು ದಖ್ಖನಿನ ಮರದ ಕೆಳಗೆ ಕೂರಿಸಿದವನಿಗೆ ಆಗ ಎಪ್ಪತ್ತರ ಪ್ರಾಯ ಎಂದು ಚಿತ್ರದ ಬರಹ ಹೇಳುತ್ತದೆ. ಮುಪ್ಪಿನ ದುಃಖ ಅವನಿಗೆ ಕೆತ್ತನೆಯಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ.

ಇದೇ ಫರೂಖ್ ಬರೆದ ಇನ್ನೊಂದು ಚಿತ್ರದಲ್ಲಿ ಇಬ್ರಾಹಿಂ ತಂಬೂರಿ ನುಡಿಸುತ್ತ ಕೂತಿದ್ದಾನೆ. ಅದರ ಮೇಲಿನ ಹಿಜರಿ ವರ್ಷ 1610-11ಕ್ಕೆ ಸರಿಹೊಂದುತ್ತದೆ. ಆ ಚಿತ್ರ ಇಂದು ಇರುವುದು ಪ್ರಾಗ್‌ನ ನಾಪ್ರ್‌ಸ್ಟೆಕ್ ಮ್ಯೂಸಿಯಂನಲ್ಲಿ. ಪ್ರಾಗ್ ಬಿಟ್ಟ ಚಿತ್ರಗಾರ ಬಿಜಾಪುರದಲ್ಲಿ ಮಣ್ಣಾದ, ಬಿಜಾಪುರದ ದೊರೆ ಹಾಳೆಯಾಗಿ ಪ್ರಾಗ್ ಸೇರಿದ.

ಅರಮನೆಯ ಗೋಡೆಗಳು

ಬಿಜಾಪುರದ ಅರಮನೆಗಳಲ್ಲಿ ಯುರೋಪಿನ ಕೈ ಕಾಣುವ ಜಾಗವೇ ಇಲ್ಲವೆಂದಲ್ಲ. ಇಬ್ರಾಹಿಂನ ಮಗ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1646ರ ಸುಮಾರಿಗೆ, ನ್ಯಾಯಸ್ಥಾನವಾಗಿ ಎದ್ದ ಕಟ್ಟಡ ಮುಂದೆ ಪ್ರವಾದಿಯವರ ಕೂದಲನ್ನು ಇಡುವ ಅಸಾರ್ ಮಹಲ್ ಆಯಿತು. ಎತ್ತರದ ತೇಗದ ಕಂಬಗಳ ಮೇಲೆ ನಿಂತ ತೆರೆದ ಮೊಗಸಾಲೆ, ಎದುರಿಗೆ ಚೌಕದ ಕೊಳ. ಮೇಲಂತಸ್ತಿನ ಕೋಣೆಗಳಲ್ಲಿ ಗೋಡೆಯ ತುಂಬ ಚಿತ್ರ: ಒಂದು ಕಡೆ ಹೂದಾನಿಗಳು, ಅವುಗಳಿಂದ ಮೇಲಕ್ಕೇಳುವ ಹೂಬಳ್ಳಿಗಳು. ಇನ್ನೊಂದು ಕಡೆ ಮನುಷ್ಯರ ಆಕೃತಿಗಳು, ಅವುಗಳ ಮುಖ ಕೆಡಿಸಲಾಗಿದೆ. ನೋಡಿದವರಿಗೆಲ್ಲ ಇವು ಪರದೇಶದ ಕೈಯವು ಎನಿಸಿದ್ದುಂಟು. ಇಟಲಿಯವರು ಬರೆದದ್ದೆಂಬ ಹೇಳಿಕೆ ಹಿಂದಿನಿಂದ ಇದೆ. ಹೇಡಾ ಸತ್ತು ಇಪ್ಪತ್ತು ವರ್ಷ ದಾಟಿದ ಮೇಲಿನ ಕಟ್ಟಡವಾದ್ದರಿಂದ ಅವನ ಕೈಯಂತೂ ಅಲ್ಲ. ಅವನಂಥವರನ್ನು ಕಂಡು ಕಲಿತ ಊರಿನವರೇ ಬರೆದಿರಬಹುದು.

ಬಿಜಾಪುರದ ಪೂರ್ವಕ್ಕೆ ಕುಮಟಗಿಯಲ್ಲಿ ಸುಲ್ತಾನರ ಬೇಸಿಗೆಯ ವಿಹಾರಸ್ಥಾನ. ಕೆರೆಯ ಪಕ್ಕದಲ್ಲಿ, ನಡುಗೊಳದಲ್ಲಿ ಪುಟ್ಟ ಮಂಟಪಗಳು, ಚಾವಣಿಯಿಂದ ನೀರು ಸುರಿಯುವ ಕೊಳವೆ ವ್ಯವಸ್ಥೆ. ಅಲ್ಲಿನ ಗೋಡೆಗಳಲ್ಲಿ ಕುದುರೆಯೇರಿ ಚೆಂಡಾಡುವವರು, ಕುಸ್ತಿಯ ಜಟ್ಟಿಗಳು, ಜೊತೆಗೆ ಯುರೋಪಿನವರಂತೆ ಕಾಣುವ ಮಂದಿ. ಬಿಜಾಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ದೊಡ್ಡ ಗ್ರಂಥ ತಂದ ಹೆನ್ರಿ ಕಸಿನ್ಸ್ ಈ ಚಿತ್ರಗಳನ್ನು ಗಮನಿಸಿದ್ದರು. ಆಮೇಲೆ ಬಂದವರು ಇದ್ದಿಲು, ಮೊಳೆ ಹಿಡಿದು ತಮ್ಮ ಹೆಸರು ಗೀಚಿ ಸಾಕಷ್ಟನ್ನು ಹಾಳುಮಾಡಿದ್ದಾರೆ.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಅರಮನೆಯ ಗೋಡೆಗಳ ಮೇಲಿದ್ದ ಮನುಷ್ಯರೂಪಗಳನ್ನು ಅಳಿಸಲು ಅವನು ಅಪ್ಪಣೆ ಕೊಟ್ಟ ಎಂಬ ಮಾತಿದೆ. ಆಸ್ಥಾನವೇ ಇಲ್ಲವಾದ ಮೇಲೆ ಅದರ ಸಂಪತ್ತು ನಾಲ್ಕೂ ದಿಕ್ಕಿಗೆ ಹೋಯಿತು. ಅಸಾರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಫಾರ್ಸಿ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆ ಸೇರಿಸಿಕೊಂಡರು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಹಾಳುಬಿದ್ದ ಮಹಲುಗಳಿಗೆ ಸುಣ್ಣಬಣ್ಣ ಬಳಿದು ಕಚೇರಿ, ಬಂಗಲೆ ಮಾಡಿಕೊಂಡರು. ದುರಸ್ತಿಯಾದದ್ದು ಗೋಡೆ, ಮಾಡು. ಒಳಗಿನ ಸಂಗ್ರಹ ಎಂದೋ ಖಾಲಿಯಾಗಿತ್ತು. ಗೋಲಗುಮ್ಮಟದ ಎದುರಿನ ನಗಾರಖಾನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶುರುವಾದ ಮ್ಯೂಸಿಯಂ ಈಗ ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಶಾಸನ, ಆಯುಧ, ರತ್ನಗಂಬಳಿ, ಚೀನೀ ಪಿಂಗಾಣಿ, ಹಸ್ತಪ್ರತಿಗಳನ್ನು ಅಲ್ಲಿ ಕಾಣಬಹುದು. ಹೇಡಾ ಅಲ್ಲಿಲ್ಲ.

ಇಲ್ಲಿಂದ ಅಲ್ಲಿಗೆ

ಹಾಳೆಗಳು ಎದುರು ದಿಕ್ಕಿಗೂ ಹರಿದವು. 1637ರಲ್ಲಿ ಕಂಪನಿಯ ಯೋಹಾನ್ ವಾನ್ ಟ್ವಿಸ್ಟ್ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದು ಹೋದ. ಅದೇ ವರ್ಷ ಗೋವೆಯ ಉತ್ತರಕ್ಕೆ, ಆದಿಲ್‌ಶಾಹಿಯ ಬಂದರಾದ ವೆಂಗುರ್ಲಾದಲ್ಲಿ ಡಚ್ಚರ ಮಳಿಗೆ ತೆರೆಯಿತು. ಹೇಡಾನ ಕಾಲದಲ್ಲಿ ಕೈಗೂಡದ ಈ ಕರಾವಳಿಯ ನೆಲೆ ಈಗ ಕೈಗೆ ಬಂತು. ಬಟ್ಟೆ, ಸಾಂಬಾರದ ಜೊತೆಗೆ ಭಾರತದ ಸಣ್ಣಚಿತ್ರಗಳೂ ಹಡಗೇರತೊಡಗಿದವು. ಗೋಲ್ಕೊಂಡದಲ್ಲಿ ಚಿತ್ರಗಾರರು ಸುಲ್ತಾನರ, ಬಾದಷಹರ ಭಾವಚಿತ್ರಗಳ ಮಾಲೆಯನ್ನೇ ಪರದೇಶಿ ಗಿರಾಕಿಗಳಿಗಾಗಿ ಬರೆದು ಮಾರಿದರು. ಆಮ್‌ಸ್ಟರ್‌ಡಾಮ್‌ನ ಮೇಯರ್ ನಿಕೋಲಾಸ್ ವಿಟ್ಸೆನ್ 1686ರ ಸುಮಾರಿಗೆ ಪಡೆದ ಇಂಥ 49 ಚಿತ್ರಗಳ ಸಂಪುಟ ಈಗ ಅಲ್ಲಿನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಈ ಹಾಳೆಗಳ ಮುಂದೆ ಕುಳಿತವರಲ್ಲಿ ರೆಂಬ್ರಾಂಟ್ ಕೂಡ ಇದ್ದ. 1656ರಲ್ಲಿ ದಿವಾಳಿ ಎದ್ದ ಆ ಮಹಾನ್ ಚಿತ್ರಗಾರ ಆ ವರ್ಷಗಳಲ್ಲೇ ಮೊಘಲ್ ಚಿತ್ರಗಳನ್ನು ನೋಡಿ, ದುಬಾರಿಯ ಜಪಾನಿ ಕಾಗದದ ಮೇಲೆ ಅವುಗಳನ್ನು ತನ್ನ ಗೆರೆಯಲ್ಲಿ ಬರೆದುಕೊಂಡ. ಅಂಥ ಇಪ್ಪತ್ತಮೂರು ಚಿತ್ರಗಳು ಉಳಿದಿವೆ. ಬೇರೆಯವರ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಅವನು ನಕಲು ಮಾಡಿದ್ದು ಅಪರೂಪ. ಅವನು ಕಂಡ ಮೂಲಗಳಲ್ಲಿ ಕೆಲವು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿ ಇಂದಿಗೂ ಇರಬಹುದೆಂದು ವಿದ್ವಾಂಸರ ಊಹೆ. ರಾಣಿ ಮರಿಯಾ ತೆರೇಸಾ ಭಾರತದ ಸಣ್ಣಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಬೀಟೆಮರದ ಹಲಗೆಗಳ ನಡುವೆ ಕೂರಿಸಿ ಒಂದು ಕೋಣೆಯನ್ನೇ ಸಿಂಗರಿಸಿದ್ದಳು. ಆಂಟ್ವರ್ಪ್‌ನ ಮುದುಕನನ್ನು ಫರೂಖ್ ಕತ್ತರಿಯಿಲ್ಲದೆ ತನ್ನವನನ್ನಾಗಿ ಮಾಡಿಕೊಂಡಿದ್ದ. ವಿಯೆನ್ನಾದವರು ನಮ್ಮ ಚಿತ್ರಗಳಿಗೆ ಕತ್ತರಿಯನ್ನೇ ಹಾಕಿದರು.

ಸೋದರಮಾವ, ಸೋದರಳಿಯ

ಹೇಡಾ ಎಂಬ ಹೆಸರು ಕಲಾಲೋಕಕ್ಕೆ ಹೊಸತಲ್ಲ. ಕಾರ್ನೆಲಿಸ್‌ನ ಅಕ್ಕನೋ ತಂಗಿಯೋ ಹಾರ್ಲೆಮ್‌ನ ನಗರ ವಾಸ್ತುಶಿಲ್ಪಿಯನ್ನು ಮದುವೆಯಾಗಿದ್ದಳು. 1594ರಲ್ಲಿ ಹುಟ್ಟಿದ ಅವರ ಮಗ ವಿಲೆಮ್ ತಾಯಿಯ ಮನೆತನದ ಹೆಸರನ್ನೇ ಇಟ್ಟುಕೊಂಡ. ಈ ಸೋದರಳಿಯ ವಿಲೆಮ್ ಕ್ಲಾಸ್ ಹೇಡಾ ಮುಂದೆ ವಸ್ತುಚಿತ್ರಗಳಿಗೆ ಹೆಸರಾದ. ಮಾವ ದೇವರುಗಳನ್ನು ಬರೆದರೆ ಅಳಿಯ ಉಂಡೆದ್ದ ಮೇಜನ್ನು ಬರೆದ. 1631ರ ಅವನ ಚಿತ್ರವೊಂದರಲ್ಲಿ ಅರ್ಧ ತಿಂದ ಹಣ್ಣಿನ ಕಡುಬು, ಮಗುಚಿದ ಬೆಳ್ಳಿ ಪಾತ್ರೆ, ಗಾಜಿನ ಲೋಟ. ಎಲ್ಲವೂ ಬೂದು, ತಿಳಿಗಂದು ಬಣ್ಣದಲ್ಲಿ. ಅದು ಜರ್ಮನಿಯ ಡ್ರೆಸ್ಡೆನ್ ನಗರದ ಝ್ವಿಂಗರ್ ಅರಮನೆಯ ಚಿತ್ರಶಾಲೆಯಲ್ಲಿದೆ.  

ವಿಲೆಮ್‌ನ ಇನ್ನೊಂದು ಚಿತ್ರ, 1635ರದು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ತಟ್ಟೆಯಲ್ಲಿ ಕಪ್ಪೆಚಿಪ್ಪಿನ ಮಾಂಸ, ಬೆಳ್ಳಿಯ ಬಟ್ಟಲು, ಪಕ್ಕದಲ್ಲಿ ಪಂಚಾಂಗದ ಹಾಳೆ ಹರಿದು ಸುತ್ತಿದ ಪೊಟ್ಟಣ. ಪೊಟ್ಟಣದಲ್ಲಿರುವುದು ಕಾಳುಮೆಣಸು. ಹಾರ್ಲೆಮ್‌ನ ಊಟದ ಮೇಜಿಗೆ ಏಷ್ಯಾದಿಂದ ಹಡಗೇರಿ ಬಂದ ಸರಕು. ಕಂಪನಿ ಹುಟ್ಟಿದ್ದೇ ಈ ಸರಕಿಗಾಗಿ, ಬಿಜಾಪುರದ ಹೇಡಾನ ಪತ್ರಗಳನ್ನು ಅದು ಜೋಪಾನ ಮಾಡಿದ್ದರ ಮೂಲವೂ ಇದೇ ವ್ಯಾಪಾರ.

ಮೆಣಸಿನ ಬಳ್ಳಿಯ ಸೀಮೆಗೆ

ಮೆಣಸಿನ ಮಾತು ಬಂದರೆ ತುಳುನಾಡಿನಲ್ಲಿ ಘಟ್ಟದ ಬುಡದ ಪುತ್ತೂರು, ಸುಳ್ಯ, ಕಡಬದ ಸೀಮೆ ಕಥೆಯೊಳಗೆ ಬರಲೇಬೇಕು. ಹೇಡಾ ಬಿಜಾಪುರದಲ್ಲಿದ್ದ ಕಾಲಕ್ಕೆ ತುಳುನಾಡಿನ ಮೇಲೆ ಕೆಳದಿಯ ವೆಂಕಟಪ್ಪ ನಾಯಕನ ಕೈ ಬಲವಾಗುತ್ತಿತ್ತು. ಕರಾವಳಿಯ ಮೆಣಸಿಗೆ ಪೋರ್ಚುಗೀಸರು ಅವನನ್ನೇ ಅವಲಂಬಿಸಿದ್ದರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು ಅದನ್ನೆಲ್ಲ ಬರೆದಿಟ್ಟ. ನಲವತ್ತು ವರ್ಷದ ಬಳಿಕ, 1663ರಲ್ಲಿ, ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡರು. ಈ ಸೀಮೆಯ ತೋಟದ ಬೆಳೆಗಳಿಗೆ ಡಚ್ ಚಿತ್ರಗಾರರ ಕಣ್ಣು ತಾಗಿದ್ದು ಆ ಮೇಲೆ, ಕೊಚ್ಚಿಯ ಮೂಲಕ.

ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಇಲ್ಲಿನ ಮರಗಿಡಬಳ್ಳಿಗಳ ಗ್ರಂಥ ಮಾಡಹೊರಟ. ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು ಗಿಡಗಳ ಗುಣ ಹೇಳಿದರು. ಕಾಡಿನಿಂದ ತಂದ ಹಸಿಕೊಂಬೆಗಳನ್ನು ಮುಂದಿಟ್ಟುಕೊಂಡು ಚಿತ್ರಗಾರರು ಹೂ, ಕಾಯಿ, ಬೀಜ ಬಿಡಿಸಿದರು. 1678ರಿಂದ 1693ರೊಳಗೆ ಆಮ್‌ಸ್ಟರ್‌ಡಾಮ್‌ನಲ್ಲಿ ‘ಹೋರ್ತುಸ್ ಮಲಬಾರಿಕುಸ್’ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಏಳು ನೂರಕ್ಕೂ ಮಿಕ್ಕಿ ದೊಡ್ಡ ಕೆತ್ತನೆಚಿತ್ರಗಳು. ಪ್ರತಿ ಚಿತ್ರದ ಮೂಲೆಯಲ್ಲೂ ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ.

ಮೊದಲ ಸಂಪುಟದಲ್ಲೇ ತೆಂಗು, ಅಡಿಕೆ. ಮುಂದೆ ಹಲಸು, ಗೇರು, ಕಾಳುಮೆಣಸು. ಅಡಿಕೆಯ ಹಾಳೆ, ಸಿಂಗಾರ, ಗೊನೆ, ಸಿಪ್ಪೆ ಸೀಳಿದ ಕಾಯಿ ಬೇರೆಬೇರೆಯಾಗಿ ತೋರಿಸಿದ ಆ ಪುಟ ಸುಳ್ಯದ ಯಾವ ತೋಟದ ಮನೆಯವರಿಗೂ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಗೇರು ಸಂಶೋಧನೆಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇಂದು ಪುತ್ತೂರಿನಲ್ಲಿದೆ, ತೆಂಗಿನ ಅಂತರರಾಷ್ಟ್ರೀಯ ತಳಿಸಂಗ್ರಹ ಕಡಬ ತಾಲೂಕಿನ ಕಿದುವಿನಲ್ಲಿದೆ. ಅದೇ ಬೆಳೆಗಳನ್ನು ಮುನ್ನೂರೈವತ್ತು ವರ್ಷದ ಹಿಂದೆ ಗೆರೆಯಲ್ಲಿ ಹಿಡಿದವರು ಡಚ್ಚರ ಸಂಬಳದ ಚಿತ್ರಗಾರರು. ಸ್ವೀಡನ್ನಿನ ಲಿನೆಯಸ್ 1753ರಲ್ಲಿ ಸಸ್ಯಗಳಿಗೆ ವೈಜ್ಞಾನಿಕ ಹೆಸರಿಡುವಾಗ ಈ ಚಿತ್ರಗಳನ್ನು ಆಧಾರವಾಗಿ ಬಳಸಿಕೊಂಡ. ಸುಲ್ತಾನನಿಗೆ ಬರೆದ ವೀನಸ್ ಕಾಣೆಯಾದಳು, ವೈದ್ಯರ ಮಾತು ಕೇಳಿ ಬರೆದ ಅಡಿಕೆ ವಿಜ್ಞಾನದ ಗ್ರಂಥಗಳಲ್ಲಿ ನಿಂತಿತು.

ಹುಡುಕಬೇಕಾದ ಜಾಗ

ಹೇಡಾನ ಚಿತ್ರ ಇನ್ನು ಸಿಗುತ್ತದೆಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ. ಬಿಜಾಪುರದ ನೆಲದಲ್ಲಿ ಅದು ಉಳಿದಿರುವ ಸಂಭವ ಬಹಳ ಕಡಿಮೆ. ಆದರೆ ಡಚ್ ಕಂಪನಿಯ ದಾಖಲೆಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ ಲಕ್ಷಾಂತರ ಪುಟಗಳಲ್ಲಿ ಇವೆ. 2003ರಲ್ಲಿ ಯುನೆಸ್ಕೊ ಅವನ್ನು ಲೋಕದ ಸ್ಮರಣೆಯ ಪಟ್ಟಿಗೆ ಸೇರಿಸಿತು. ಈಗ ಆ ಪುಟಗಳ ಬಹುಪಾಲು ಸ್ಕ್ಯಾನ್ ಆಗಿ ಅಂತರ್ಜಾಲಕ್ಕೆ ಬಂದಿದೆ, ಹಳೆಯ ಕೈಬರಹವನ್ನು ಕಂಪ್ಯೂಟರಿನಿಂದ ಓದಿಸುವ ಕೆಲಸವೂ ಸಾಗಿದೆ. ಬಿಜಾಪುರ, ಇಕ್ಕೇರಿ, ಬಸ್ರೂರು, ಮಂಗಳೂರುಗಳ ಸುದ್ದಿ ಅದರೊಳಗೆ ಹುದುಗಿದೆ. ವಿಜಯನಗರದ ಚರಿತ್ರೆಗೆ ಪೋರ್ಚುಗೀಸರ ಬರಹಗಳನ್ನು ಕನ್ನಡದ ವಿದ್ವಾಂಸರು ಬಳಸಿಕೊಂಡು ನೂರು ವರ್ಷವಾಯಿತು. ಆದಿಲ್‌ಶಾಹಿಗೂ ಕೆಳದಿಗೂ ಡಚ್ ದಾಖಲೆಗಳನ್ನು ಅಷ್ಟೇ ಸಲೀಸಾಗಿ ಬಳಸುವ ದಿನ ಬರಬೇಕು. ಅದಕ್ಕೆ ದೊಡ್ಡ ಅರಮನೆಯೂ ಬೇಡ, ದುಬಾರಿ ಚಿತ್ರವೂ ಬೇಡ. ಹದಿನೇಳನೆಯ ಶತಮಾನದ ಡಚ್ ಕೈಬರಹವನ್ನು ಓದಲು ಕಲಿತ ನಾಲ್ಕು ಮಂದಿ ಕನ್ನಡದ ಹುಡುಗ ಹುಡುಗಿಯರು ಸಾಕು.